ಓದಿ ನೋಡಿದವರು

ಹಳ್ಳ ತೋಡುವವರು ಸಾಮಾನ್ಯವಾಗಿ ಬೇರೆಯವರು ಬೀಳಲಿ ಎಂದು ತೋಡುತ್ತಾರೆ. ಚೂಟಿ ತೋಡಿದ್ದು ಎಲ್ಲರ ಅನುಕೂಲಕ್ಕೆ, ಬಿದ್ದದ್ದು ಮಾತ್ರ ತಾನೊಬ್ಬಳೇ. ಬಿದ್ದು ತಿಂಗಳುಗಳೇ ಕಳೆದಿದ್ದರೂ ಅದು ಅವಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದು ಬಂದು ಕುರ್ಚಿಗೆ ಒರಗಿದ ಮೇಲೆ.

ಅವಳ ಭಾವ, ಅಂದರೆ ಅಕ್ಕನ ಗಂಡ, ನಡೆಸುತ್ತಿದ್ದ ಪುಟ್ಟ ಕಂಪನಿ ಅದು. ಎರಡು ಕೋಣೆ, ಒಂದು ಕಿಟಕಿ. ಆ ಕಿಟಕಿಯೂ ಪಕ್ಕದ ಕಟ್ಟಡದ ಗೋಡೆಗೆ ಮೂಗು ಒತ್ತಿಕೊಂಡು ನಿಂತಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಆಸ್ಪತ್ರೆಯಲ್ಲಿ ಬೆಚ್ಚಗೆ ಮಲಗಿಸುವ ಗಾಜಿನ ಪೆಟ್ಟಿಗೆ ಇರುತ್ತದಲ್ಲ, ಅದರ ಬುದ್ಧಿ ತಯಾರಾಗುತ್ತಿದ್ದದ್ದು ಇಲ್ಲಿ. ಪೆಟ್ಟಿಗೆಯನ್ನು ಬೇರೆ ಯಾರೋ ಮಾಡುತ್ತಿದ್ದರು. ಕೂಸಿಗೆ ಎಷ್ಟು ಬಿಸಿ ಬೇಕು, ಯಾವಾಗ ಕಿರುಚಿ ನರ್ಸನ್ನು ಕರೆಯಬೇಕು ಎಂದು ಪೆಟ್ಟಿಗೆಗೆ ಹೇಳಿಕೊಡುವ ಸಾಫ್ಟ್‌ವೇರ್ ಇವರದ್ದು. ಮೂಲೆಯ ಮೇಜಿನ ಮೇಲೆ ಅಂಥದ್ದೊಂದು ಪೆಟ್ಟಿಗೆಯೂ ಅದರೊಳಗೆ ಒಂದು ಪ್ಲಾಸ್ಟಿಕ್ ಗೊಂಬೆಯೂ ಇದ್ದವು. ಚೂಟಿಯ ಪಕ್ಕದಲ್ಲಿ ಕೂರುತ್ತಿದ್ದ, ಎದೆಯುದ್ದ ಗಡ್ಡ ಬಿಟ್ಟಿದ್ದ ಹಿರಿಯ ಪ್ರೋಗ್ರಾಮರ್, ಎಲ್ಲರ ಬಾಯಲ್ಲೂ ಬರೀ 'ಗಡ್ಡ', ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದ. "ನೋಡು, ಬೆಚ್ಚಗೆ ಮಲಗೋದು, ಸ್ವಲ್ಪ ಹೆಚ್ಚು ಕಡಿಮೆ ಆದ್ರೆ ಕೂಗಾಡೋದು. ಇನ್ನೇನು ಕೆಲ್ಸ ಇದೆ ಇದಕ್ಕೆ?"

ಇನ್ನು ಹಳ್ಳದ ವಿಷಯ. ಕೋಡಿನಲ್ಲಿ ಒಂದೇ ಒಂದು ಸಾಲು ತಿದ್ದಿದರೂ, ಅದನ್ನು ಎಲ್ಲರ ಭಂಡಾರಕ್ಕೆ ಸೇರಿಸುವಾಗ ಜೊತೆಗೊಂದು ಚೀಟಿ ಬರೆಯಬೇಕು: ಏನು ತಿದ್ದಿದೆ, ಯಾಕೆ ತಿದ್ದಿದೆ. ಕಮಿಟ್ ಮೆಸೇಜ್ ಎನ್ನುತ್ತಾರೆ. ಮೊದಲೆಲ್ಲ ಬಾಯಿಗೆ ಬಂದದ್ದೇ ಚೀಟಿಯಾಗುತ್ತಿತ್ತು. ಗಡ್ಡ ಒಂದು ದಿನ 'ಸರಿ ಮಾಡಿದೆ' ಎಂದು ಬರೆದರೆ, ಮರುದಿನ 'ಈಗ ನಿಜವಾಗಿ ಸರಿ ಮಾಡಿದೆ', ಅದರ ಮರುದಿನ ಬರೀ 'ದೇವರೇ'. ಕೂಸುಗಳನ್ನು ಮಲಗಿಸುವ ಯಂತ್ರದ ಮುಂದೆ ಈ ಚೆಲ್ಲಾಟ ನಡೆಯುವುದಿಲ್ಲ ಎಂದು, ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ತಪಾಸಣೆಯವರು ಪಟ್ಟು ಹಿಡಿದರು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಿರಲೇಬೇಕು, ಓದಿದ್ದು ಚೀಟಿಯಲ್ಲೇ ಕಾಣಬೇಕು. ಹೀಗಾಗಿ ಚೀಟಿಯ ಬುಡದಲ್ಲಿ ಒಂದಷ್ಟು ಅಚ್ಚುಕಟ್ಟಾದ ಸಾಲುಗಳನ್ನು ಸೇರಿಸುವ ಪದ್ಧತಿ ಬಂತು. 'ಬರೆದವರು' ಎಂದು ಹಾಕಿ ಮುಂದೆ ಹೆಸರು, 'ಯಾವ ದೂರಿಗೆ' ಎಂದು ಹಾಕಿ ಮುಂದೆ ದೂರು, 'ಓದಿ ನೋಡಿದವರು' ಎಂದು ಹಾಕಿ ಮುಂದೆ ಮತ್ತೊಂದು ಹೆಸರು. ಮನುಷ್ಯರೂ ಓದಬಹುದು, ಯಂತ್ರವೂ ಓದಿ ಲೆಕ್ಕ ಹಾಕಬಹುದು. ಟ್ರೇಲರ್ ಎಂದು ಇವುಗಳ ಹೆಸರು. ಸಿನಿಮಾದ್ದಲ್ಲ, ಲಾರಿಯ ಹಿಂದೆ ಕಟ್ಟುವಂಥದ್ದು.

ಈ ಪದ್ಧತಿ ತರುವ ಹೊಣೆಯನ್ನು ಭಾವ ಚೂಟಿಗೆ ವಹಿಸಿದ್ದ. ಅವಳು ಹೆಸರಿಗೆ ತಕ್ಕ ಹಾಗೆ ಚಕಚಕನೆ ಒಂದು ಟೆಂಪ್ಲೇಟ್ ಮಾಡಿ ಎಲ್ಲರ ಕಂಪ್ಯೂಟರಿಗೂ ಹಾಕಿದಳು. ಚೀಟಿ ತೆರೆದರೆ ಸಾಕು, ಸಾಲುಗಳು ತಯಾರಾಗಿ ಕೂತಿರುತ್ತವೆ. ಯಾವುದಾದರೂ ಸಾಲು ಖಾಲಿಯಿದ್ದರೆ ಚೀಟಿಯನ್ನು ಭಂಡಾರದೊಳಗೆ ಬಿಡದ ಒಂದು ಕಾವಲನ್ನೂ ಯಂತ್ರದಲ್ಲಿ ಇಟ್ಟಳು. ಹೇಗೆ ತುಂಬಬೇಕೆಂದು ತೋರಿಸಲು 'ಓದಿ ನೋಡಿದವರು' ಎಂಬಲ್ಲಿ ತನ್ನದೇ ಹೆಸರನ್ನು ಮಾದರಿಗೆ ಬರೆದಳು. ಮಾದರಿ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿದರೆ, ಸೇರಿಸುವ ಹೊತ್ತಿಗೆ ಆ ಸಾಲು ತಾನಾಗಿ ಉದುರಿಹೋಗುತ್ತದೆ. ಉಳಿದ ಮಾದರಿಗಳಿಗೆಲ್ಲ ಹಾಕಿದ್ದಳು. ಅದೊಂದಕ್ಕೆ ಮರೆತಿದ್ದಳು. ತಾನು ಬರೆಯುವಾಗ ಪ್ರತಿಸಲ ತನ್ನ ಹೆಸರು ಅಳಿಸಿ ಗಡ್ಡನದ್ದು ಹಾಕುತ್ತಿದ್ದಳು, ಅವನಿಗೆ ತೋರಿಸಿಯೇ. ಎಲ್ಲರೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದಳು, ಪಾಪ.

ಆ ಮಧ್ಯಾಹ್ನ ಆದದ್ದು ಇಷ್ಟು. ಮರುದಿನ ತಪಾಸಣೆ. ಅದಕ್ಕಾಗಿ ಯಾರು ಎಷ್ಟು ಓದಿದ್ದಾರೆ ಎಂದು ಸಾಲುಗಳನ್ನು ಯಂತ್ರದಿಂದ ಒಟ್ಟುಮಾಡಿಸಿ, ಚೀಟಿಗಳ ಸಮೇತ, ಭಾವ ಬೆಳಿಗ್ಗೆಯೇ ತಪಾಸಣೆಯವರಿಗೆ ಕಳಿಸಿದ್ದ. ಅದರ ಪ್ರತಿಯನ್ನು ಚೂಟಿ ಈಗ ತೆರೆದಳು. ಉಳಿದವರ ಹೆಸರು ಅಲ್ಲೊಂದು ಇಲ್ಲೊಂದು. ಅವಳದ್ದು ಮೇಲಿಂದ ಕೆಳಗಿನ ತನಕ. ಮೊದಲು ಹಿಗ್ಗಿದಳು. ಆಮೇಲೆ, ತಾನು ಜ್ವರ ಬಂದು ಹಾಸಿಗೆಯಲ್ಲಿ ಬಿದ್ದಿದ್ದ ವಾರವೂ ದಿನದಿನವೂ ಓದಿದ್ದೇನೆ ಎಂದು ಕಂಡಾಗ ಪರದೆಯನ್ನು ಪಕ್ಕದ ಕುರ್ಚಿಯ ಕಡೆ ತಿರುಗಿಸಿದಳು.

"ಗಡ್ಡಣ್ಣ, ಇದೇನಿದು? ಇದನ್ನ ನಾನೆಲ್ಲಿ ಓದಿದೀನಿ?"

ಗಡ್ಡ ಇಣುಕಿದ. "ನಿನ್ ಹೆಸ್ರೇ ಬರ್ತಿತ್ತಲ್ಲಮ್ಮ. ನಾನು ಅದೇ ನಿಯಮ ಅಂದ್ಕೊಂಡಿದ್ದೆ."

"ಅದು ಮಾದರಿ! ಅಳಿಸಿ, ಓದಿದವ್ರ ಹೆಸ್ರು ಹಾಕ್ಬೇಕಿತ್ತು."

"ತಟ್ಟೆಗೆ ಬಡಿಸಿಟ್ಟಿದ್ದನ್ನ ಯಾರಾದ್ರೂ ತೆಗೆದಿಟ್ಟು ಹಸ್ಕೊಂಡಿರ್ತಾರಾ? ಸಾಲು ಖಾಲಿ ಇದ್ರೆ ನೀನಿಟ್ಟಿರೋ ಕಾವಲು ಒಳಗೆ ಬಿಡಲ್ಲ. ತುಂಬಿತ್ತು, ಬಿಡ್ತು. ಎಲ್ರೂ ಖುಷಿ."

"ಹಾಗಾದ್ರೆ ನಿಜವಾಗಿ ಯಾರು ಓದಿದ್ರು?"

ಗಡ್ಡ ಗಡ್ಡ ಕೆರೆದುಕೊಂಡ.

"ಈಗ ತಿದ್ದಿಬಿಡೋಣ," ಎಂದಳು.

"ಎಲ್ಲಿಂದ ತಿದ್ತೀಯ? ಪ್ರತಿ ಚೀಟಿಗೂ ಒಂದು ಗುರುತು ಇದೆ, ಅದು ಹುಟ್ಟೋದು ಚೀಟಿಯ ಒಳಗಿರೋ ಅಕ್ಷರದಿಂದ, ಹಿಂದಿನ ಚೀಟಿಯ ಗುರುತಿಂದ. ತಳದ ಒಂದು ಇಟ್ಟಿಗೆ ಮುಟ್ಟಿದ್ರೆ ಮೇಲಿನ ಗೋಡೆಯೆಲ್ಲ ಬೇರೆ ಗೋಡೆ ಆಗುತ್ತೆ. ಹಳೇ ಗೋಡೆಯ ಪ್ರತಿ ಅವ್ರ ಹತ್ರ ಹೋಗಿಯಾಯ್ತು. ನಾಳೆ ಹೊಸದು ತೋರ್ಸಿದ್ರೆ ಕಳ್ಳರು ಅಂತಾರೆ, ತಾಯಿ."

ಎದ್ದು ಕಿಟಕಿಯ ಹತ್ತಿರ ಹೋದಳು. ಗೋಡೆ. ವಾಪಸ್ ಬಂದು ಕೂತಳು.

ಬೇರೆ ಕಂಪನಿಯಲ್ಲಾಗಿದ್ದರೆ ಸಂಜೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಿ ಮುಸುಕು ಹೊದ್ದು ಮಲಗಬಹುದಿತ್ತು. ಚೂಟಿಗೆ ಆ ಭಾಗ್ಯವೂ ಇಲ್ಲ. ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಆಫೀಸಿನ ಭಾವ ಚಪ್ಪಲಿ ಬಿಚ್ಚಿದ ಕೂಡಲೇ ಮನೆಯ ಭಾವ, ಅಷ್ಟೇ ವ್ಯತ್ಯಾಸ. ಊಟಕ್ಕೆ ಕೂತಾಗ ತುತ್ತಿನ ನಡುವೆ ವಿಷಯವನ್ನು ಬಾಯಿಬಿಟ್ಟಳು. ಭಾವ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಹೋದ್ ವಾರ ಗೊತ್ತಾಯ್ತು."

"ಗೊತ್ತಿದ್ದೂ ಕಳಿಸಿದ್ರಾ?"

"ಮತ್ತೇನ್ ಮಾಡ್ಲಿ? ನಾಳೆ ಆ ತಪಾಸಣೆ ಮೇಡಂ ಬರ್ತಾರೆ. ಒಂದೆರಡು ತೆಗೆದು, ಇದನ್ನ ಓದಿದ್ದು ನೀವೇನಾ ಅಂತಾರೆ. ಹೂಂ ಅನ್ನು. ಮುಗೀತು. ಮುಂದಿನ ವಾರದಿಂದ ಸರಿಯಾಗಿ ಓದ್ಕೊಂಡು ಹೋಗೋಣ."

"ಓದಿಲ್ವಲ್ಲ ಭಾವ."

"ನಾನೇನು ಕೊಲೆ ಮಾಡು ಅಂದ್ನಾ? ಹೂಂ ಅನ್ನು ಅಂದೆ. ನೀನು ಇಲ್ಲ ಅಂದ್ರೆ ಈ ಸಲ ಪೆಟ್ಟಿಗೆ ಹೊರಗೆ ಹೋಗಲ್ಲ. ಹೊರಗೆ ಹೋಗ್ಲಿಲ್ಲ ಅಂದ್ರೆ ಆಫೀಸು ಮುಚ್ಬೇಕು. ಗಡ್ಡ ಈ ವಯಸ್ಸಲ್ಲಿ ಎಲ್ಲಿ ಕೆಲ್ಸ ಹುಡುಕ್ತಾನೆ?"

ಅಕ್ಕ ಪಾತ್ರೆಯ ಮೇಲೆ ಮುಚ್ಚಳವನ್ನು ಬೇಕೆಂದೇ ಸದ್ದಾಗುವಂತೆ ಇಟ್ಟಳು. "ರೀ, ಅವ್ಳಿಗೆ ಊಟ ಮಾಡೋಕೆ ಬಿಡಿ. ಏ, ನೀನೂ ಅಷ್ಟೇ, ಊಟದ ಹೊತ್ತಲ್ಲೇ ಶುರು ಮಾಡ್ಬೇಕಿತ್ತೇನೇ?"

"ಅಕ್ಕ, ನೀನು ಹೇಳು."

"ನಾನೇನು ಹೇಳ್ಲಿ? ಒಂದ್ ಕಡೆ ಕಟ್ಕೊಂಡೋರು, ಇನ್ನೊಂದ್ ಕಡೆ ಒಡಹುಟ್ಟಿದೋಳು. ನನ್ನನ್ನ ಮಧ್ಯ ನಿಲ್ಸಿ ಹಗ್ಗ ಜಗ್ಗಬೇಡಿ, ಕಿತ್ತುಹೋಗ್ತೀನಿ."

ಬಿಸಿತುಪ್ಪ ಬಾಯಿಗೆ ಬಿದ್ದವರ ಸ್ಥಿತಿ ಚೂಟಿಯದ್ದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಾಸಿಗೆಯಲ್ಲಿ ಹೊರಳುವಾಗ ಅವಳಿಗೊಂದು ಉಪಾಯ ಹೊಳೆಯಿತು. ಸುಳ್ಳನ್ನು ನಿಜ ಮಾಡಿಬಿಟ್ಟರೆ? ಎಲ್ಲವನ್ನೂ ಅಲ್ಲದಿದ್ದರೂ, ಕೇಳಬಹುದಾದಷ್ಟನ್ನು ಬೇಗ ಹೋಗಿ ಓದಿಬಿಟ್ಟರೆ? ಆಗ ಹೂಂ ಎನ್ನಲು ನಾಲಿಗೆ ತೊಡರುವುದಿಲ್ಲ.

ಬೆಳಕು ಹರಿಯುತ್ತಿದ್ದಂತೆ ಆಫೀಸು ಸೇರಿದಳು. ಕಸ ಗುಡಿಸುವವರೂ ಇನ್ನೂ ಬಂದಿರಲಿಲ್ಲ. ಪೆಟ್ಟಿಗೆಯೊಳಗೆ ಮ್ಯಾನೇಜರ್ ಒಬ್ಬನೇ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಒಂದೊಂದೇ ತಿದ್ದುಪಡಿ ತೆರೆದು ಓದತೊಡಗಿದಳು. ಪರದೆಯ ಬಣ್ಣ ಬದಲಾಯಿಸಿದ್ದು, ಸರಿ. ಗುಂಡಿಯ ಜಾಗ ಬದಲಾಯಿಸಿದ್ದು, ಸರಿ. ಗಡ್ಡನ ಬಿಸಿ ಲೆಕ್ಕಾಚಾರ, ಚೊಕ್ಕ. ಧೈರ್ಯ ಬಂತು. ಅಷ್ಟರಲ್ಲಿ ಭಾವನೇ ಬರೆದದ್ದೊಂದು ಸಿಕ್ಕಿತು.

ಕೂಸಿನ ಮೈಗೆ ಒಂದು ತಂತಿಯ ಬಿಲ್ಲೆ ಅಂಟಿಸಿರುತ್ತಾರೆ, ಮೈಬಿಸಿ ಅಳೆಯಲು. ಅದು ಕಿತ್ತು ಬಂದರೆ ಪೆಟ್ಟಿಗೆ ತಕ್ಷಣ ಕಿರುಚಬೇಕು. ಭಾವ ಆ ಕಿರುಚಾಟಕ್ಕೆ ಕೆಲವು ನಿಮಿಷದ ತಡ ಹಾಕಿದ್ದ. ಕಾರಣವನ್ನೂ ಬರೆದಿದ್ದ: ಕೂಸು ಹೊರಳಿದಾಗಲೆಲ್ಲ ಕೂಗುತ್ತದೆ ಎಂದು ನರ್ಸುಗಳ ದೂರು. ದೂರು ನ್ಯಾಯವಾದದ್ದೇ. ಆದರೆ ಕಿತ್ತು ಬಂದ ಬಿಲ್ಲೆ ಅಳೆಯುವುದು ಗಾಳಿಯನ್ನು. ಕೂಸು ತಣ್ಣಗಾಗುತ್ತಿದೆ ಎಂದುಕೊಂಡು ಪೆಟ್ಟಿಗೆ ಬಿಸಿ ಏರಿಸುತ್ತಲೇ ಹೋಗುತ್ತದೆ. ಆ ತಡದ ನಿಮಿಷಗಳಲ್ಲಿ ಕೂಗುವವರು ಯಾರು?

ಚೂಟಿ ಹೋಗಿ ಮ್ಯಾನೇಜರನ ಎದೆಯಿಂದ ಬಿಲ್ಲೆ ಕಿತ್ತಳು. ಪೆಟ್ಟಿಗೆ ಸುಮ್ಮನಿತ್ತು. ಗಾಜಿನ ರಂಧ್ರದೊಳಗೆ ಕೈ ತೂರಿಸಿ ನಿಂತಳು. ಬಿಸಿ ಏರಿತು. ಇನ್ನೂ ಏರಿತು. ಬೆರಳ ಸಂದಿಯಲ್ಲಿ ಬೆವರು ಬಂದರೂ ಪೆಟ್ಟಿಗೆಗೆ ಬಾಯಿ ಬರಲಿಲ್ಲ. ಕೊನೆಗೆ ಅದು ಕಿರುಚಿದಾಗ ಅವಳು ಕೈ ಹಿಂದಕ್ಕೆಳೆದು ಎರಡು ಹೆಜ್ಜೆ ಹಾರಿದಳು.

ವಾಪಸ್ ಬಂದು ಚೀಟಿಯ ಬುಡ ನೋಡಿದಳು. ಬರೆದವರು, ಭಾವ. ಓದಿ ನೋಡಿದವರು, ಅವಳು. ಓದಿ ಸುಳ್ಳನ್ನು ನಿಜ ಮಾಡಲು ಬಂದವಳಿಗೆ ಈಗ ಹೂಂ ಎನ್ನುವ ದಾರಿಯೂ ಮುಚ್ಚಿತು.

ಭಾವ ಬಂದ ಕೂಡಲೇ ಹಿಡಿದುಕೊಂಡಳು. ಅವನು ಟೈ ಸರಿಮಾಡಿಕೊಳ್ಳುತ್ತ, "ಅದು ಆಮೇಲೆ ನೋಡೋಣ. ಇವತ್ತು ಬೇಡ. ಕೈ ಮುಗೀತೀನಿ," ಎಂದ. ನಿಜವಾಗಿಯೂ ಕೈ ಮುಗಿದ. ಅದೇ ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ತಪಾಸಣೆಯ ಮೇಡಂ ಸಣ್ಣಗಿನ ಹೆಂಗಸು, ಸಣ್ಣ ದನಿ. ಕೋಣೆಯ ಬಾಗಿಲು ಹಾಕಿಸಿದರು. ಮೇಜಿನ ಒಂದು ಕಡೆ ಅವರು, ಎದುರಿಗೆ ಚೂಟಿ, ಬಾಗಿಲ ಕಡೆ ಭಾವ, ಗೋಡೆಯ ಕಡೆ ಗಡ್ಡ. ಎದ್ದು ಹೋಗಬೇಕೆಂದರೂ ಯಾರದಾದರೂ ಮೊಣಕಾಲು ದಾಟಿಯೇ ಹೋಗಬೇಕು.

"ನಿಮ್ಮ ಕಂಪನೀಲಿ ಓದೋ ಹವ್ಯಾಸ ಚೆನ್ನಾಗಿದೆ," ಎಂದರು ಮೇಡಂ. "ಅದ್ರಲ್ಲೂ ನೀವು. ನಿದ್ದೆ ಮಾಡ್ತೀರಾ ಇಲ್ವಾ?"

ಭಾವ ಜೋರಾಗಿ ನಕ್ಕ. ಒಬ್ಬನೇ.

ಮೇಡಂ ಪರದೆಯ ಮೇಲೆ ಬೆರಳು ಇಳಿಸುತ್ತ ಹೋಗಿ ಒಂದರ ಮೇಲೆ ನಿಲ್ಲಿಸಿದರು. ಬಣ್ಣ ಬದಲಾಯಿಸಿದ್ದು. ಇವತ್ತು ಬೆಳಿಗ್ಗೆ ಓದಿದ್ದು. ಚೂಟಿಗೆ ಎಲ್ಲ ಗೊತ್ತಿತ್ತು.

"ಇದನ್ನ ಓದಿದ್ದು ನೀವೇನಾ?"

ಎಷ್ಟು ಸುಲಭದ ಪ್ರಶ್ನೆ! ಹೂಂ ಎಂದರೆ ಅರ್ಧ ನಿಜ. ಭಾವನ ಕಾಲು ಮೇಜಿನ ಕೆಳಗೆ ಅಲುಗುವುದು ನಿಂತಿತು. ಇದಕ್ಕೆ ಹೂಂ ಎಂದರೆ ಮೇಡಂ ಮುಂದಿನದಕ್ಕೆ ಹೋಗುತ್ತಾರೆ, ಅದಕ್ಕೂ ಹೂಂ, ಆಮೇಲೆ ಎಲ್ಲಕ್ಕೂ ಸೇರಿಸಿ ಒಂದು ಒಪ್ಪಿಗೆ. ಆ ತಡದ ತಿದ್ದುಪಡಿಯನ್ನು ಯಾರೂ ಕೇಳದೆಯೇ ಪೆಟ್ಟಿಗೆ ಆಸ್ಪತ್ರೆ ಸೇರುತ್ತದೆ.

"ಇವತ್ತು ಬೆಳಿಗ್ಗೆ ಓದಿದೆ," ಎಂದಳು. "ಸೇರಿಸೋವಾಗ ಓದಿರಲಿಲ್ಲ. ಇದನ್ನಷ್ಟೇ ಅಲ್ಲ ಮೇಡಂ, ಹೆಚ್ಚಿನವನ್ನ ಓದಿಲ್ಲ. ನನ್ನ ಹೆಸ್ರು ಟೆಂಪ್ಲೇಟಿಂದ ಬಂದಿದ್ದು. ಟೆಂಪ್ಲೇಟ್ ಮಾಡಿದ್ದು ನಾನೇ."

"ಹಾಗಾದ್ರೆ ಯಾರು ಓದಿದ್ರು?"

ಭಾವ ಬಾಯಿ ತೆರೆದ. ಅವನಿಗಿಂತ ಮೊದಲು ಗೋಡೆಯ ಕಡೆಯಿಂದ ದನಿ ಬಂತು. "ಯಾರೂ ಇಲ್ಲ ಮೇಡಂ," ಎಂದ ಗಡ್ಡ. "ಓದಿದಾರೆ ಅಂತ ಎಲ್ರೂ ಅಂದ್ಕೊಂಡಿದ್ವಿ. ಬರೆದಿತ್ತಲ್ಲ."

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆ ಹೊರಗೆ ಹೋಗುವ ಹಾಗಿಲ್ಲ, ಮೊದಲಿನಿಂದ ಒಂದೊಂದನ್ನೂ ಬರೆದವರ ಪಕ್ಕ ಕೂತು ಓದಬೇಕು, ಓದುವವಳು ಇದೇ ಹುಡುಗಿ ಆಗಿರಬೇಕು, ಹೇಗಿದ್ದರೂ ಹೆಸರು ಅವಳದ್ದೇ ಇದೆಯಲ್ಲ, ಎಂದರು. ಅಷ್ಟನ್ನೂ ಅದೇ ಸಣ್ಣ ದನಿಯಲ್ಲಿ ಹೇಳಿ ಹೋದರು.

ಕೋಣೆಯಲ್ಲಿ ಕುರ್ಚಿಗಳು ಹಾಗೇ ಇದ್ದವು. ಭಾವ ಟೈ ಬಿಚ್ಚಿ ಮೇಜಿನ ಮೇಲೆ ಎಸೆದ. ಚೂಟಿ ತಲೆ ಎತ್ತದೆ ಕಂಪ್ಯೂಟರ್ ತನ್ನ ಕಡೆ ತಿರುಗಿಸಿಕೊಂಡು ಆ ತಡದ ತಿದ್ದುಪಡಿಯನ್ನು ವಾಪಸ್ ತೆಗೆಯುವ ಹೊಸ ಚೀಟಿ ಬರೆಯತೊಡಗಿದಳು. ಹಳೆಯ ಸಾಲನ್ನು ಮುಟ್ಟುವ ಹಾಗಿರಲಿಲ್ಲ. ಹೊಸದರ ಬುಡದಲ್ಲಿ, ಇಲ್ಲಿಯವರೆಗೆ ಪದ್ಧತಿಯಲ್ಲೇ ಇರದಿದ್ದ ಒಂದು ಸಾಲು ಸೇರಿಸಿದಳು: 'ಹಿಂದಿನದನ್ನು ಓದಿ ಒಪ್ಪದವರು'. ಅದರ ಮುಂದೆ ತನ್ನ ಹೆಸರು. ಈ ಸಲ ಅಕ್ಷರ ಅಕ್ಷರವಾಗಿ ಒತ್ತಿ ಬರೆದಳು. 'ಓದಿ ನೋಡಿದವರು' ಖಾಲಿ ಉಳಿಯಿತು. ಅದು ತುಂಬದೆ ಕಾವಲು ಒಳಗೆ ಬಿಡುವುದಿಲ್ಲ.

"ಗಡ್ಡಣ್ಣ, ಇದನ್ನ ಓದ್ತೀರಾ?"

ಗಡ್ಡ ಭಾವನ ಮುಖ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಬಂದು ಓದಿದ, ನಿಧಾನವಾಗಿ, ತುಟಿ ಅಲುಗಿಸುತ್ತ. ಓದಿ ಮುಗಿಸಿ ಖಾಲಿ ಸಾಲಿನಲ್ಲಿ ತನ್ನ ಹೆಸರನ್ನು ತಾನೇ ಒತ್ತಿದ.

ಫೋನು ಕುಣಿಯಿತು. ಅಕ್ಕ.

"ಏನಾಯ್ತೇ?"

"ಇಲ್ಲ ಅಂದೆ."

ಆ ಕಡೆ ಅಕ್ಕ ನಲ್ಲಿ ನಿಲ್ಲಿಸಿದಳು. "ಸರಿ ಬಿಡು. ಅವ್ರ ಜೊತೇಲೇ ಬರ್ಬೇಕಲ್ಲ ನೀನು? ದಾರೀಲಿ ಬಾಯಿ ಬಿಡ್ಬೇಡ. ಮನೇಲಿ ನಾನಿದೀನಿ." ಸ್ವಲ್ಪ ತಡೆದು, "ಇದ್ದು ಏನ್ ಮಾಡ್ತೀನೋ ಗೊತ್ತಿಲ್ಲ," ಎಂದಳು.

ಸಂಜೆ ಇಬ್ಬರೂ ಮೆಟ್ಟಿಲಿಳಿದರು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಬ್ಬರ ಹಿಂದೆ ಒಬ್ಬರೇ ಇಳಿಯಬೇಕು, ಮುಂದಿನವರನ್ನು ದಾಟುವ ಹಾಗಿಲ್ಲ. ಭಾವ ಮುಂದೆ. ಅರ್ಧದಲ್ಲಿ ಥಟ್ಟನೆ ನಿಂತ. ಚೂಟಿಯೂ ನಿಲ್ಲಬೇಕಾಯಿತು.

"ಅದು ಎಷ್ಟಿರ್ಬೇಕು ಅಂತೀಯ, ಆ ತಡ?" ತಿರುಗದೆಯೇ ಕೇಳಿದ.

"ತಡವೇ ಬೇಡ ಭಾವ."

"ನರ್ಸುಗಳು ಬೈತಾರೆ."

"ಬೈಲಿ. ಬಿಲ್ಲೆ ಕೀಳದ ಹಾಗೆ ಅಂಟ್ಸೋಕೆ ಏನಾದ್ರೂ ಮಾಡೋಣ."

ಭಾವ ಕೈಯಲ್ಲಿದ್ದ ಕಾರಿನ ಕೀಲಿಯನ್ನು ತಿರುಗಿಸುತ್ತ ಒಂದಷ್ಟು ಹೊತ್ತು ಹಾಗೇ ನಿಂತ. ಅವನು ಇಳಿಯಲೆಂದು ಚೂಟಿ ಕಾದಳು.