ಬಾಡಿಗೆ ಅಜ್ಜಿಯ ಕೈರುಚಿ

ಪ್ರಾನೊಮ್ ಎಂಬಾಕೆ ಖನೊಮ್ ಕ್ರೋಕ್ ಎಂಬ ಥಾಯ್ ತಿಂಡಿ ಮಾಡಲು ಕಲಿತದ್ದು ಮೊಬೈಲಿನಿಂದ. ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಆಕೆ ಪಡ್ಡಿನ ಹಂಚಿನಂಥದ್ದೊಂದನ್ನು ಕೊಂಡುತಂದು, ಅಕ್ಕಿಹಿಟ್ಟು, ತೆಂಗಿನಹಾಲುಗಳ ಜೊತೆ ಏಳು ತಿಂಗಳು ಗುದ್ದಾಡಿದಳು. ತಳ ಗರಿಯಾಗಬೇಕು, ನಡು ನಡುಗುತ್ತಿರಬೇಕು, ಸಿಹಿಯ ಬೆನ್ನಿಗೇ ಉಪ್ಪು ಕಳ್ಳಹೆಜ್ಜೆಯಲ್ಲಿ ಬರಬೇಕು. ಸೀದದ್ದು, ಹಸಿ ಉಳಿದದ್ದು, ಹಂಚಿಗಂಟಿ ಹುತಾತ್ಮವಾದದ್ದು ಎಲ್ಲವನ್ನೂ ನಮ್ಮ ಗಲ್ಲಿಯೇ ತಿಂದು ಮುಗಿಸಿತು. ಎಂಟನೆಯ ತಿಂಗಳು ತಿಂಡಿಯ ತಳ್ಳುಗಾಡಿ ಹಾಕಿದಾಗ ಯಾರೂ ಸಲಹೆ ಕೊಡಲಿಲ್ಲ. ಬ್ಯಾಂಕಾಕಿನ ನಮ್ಮ ಥೊನ್‌ಬುರಿಯಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ.

ಗಾಡಿಯ ಪಕ್ಕದಲ್ಲೇ ನನ್ನ ಹಳೇ ಪುಸ್ತಕದ ಅಂಗಡಿ. ಹಾಗಾಗಿ ಮುಂದಿನದಕ್ಕೆಲ್ಲ ನಾನು ಸಾಕ್ಷಿ.

ಬೆಳಿಗ್ಗೆ ಎಂಟಕ್ಕೆ ಪ್ರವಾಸಿಗಳನ್ನು ಕರೆತರುವ ಗೈಡಿನ ಹೆಸರು ಬೆಂಜ್. ತಾಯಿ ಆ ಕಾರಿಗೆ ಆಸೆಪಟ್ಟು ಇಟ್ಟ ಹೆಸರು. ಮಗನ ಕಸುಬು ಮಾತ್ರ ಜನರನ್ನು ನಡೆಸಿಕೊಂಡು ಹೋಗುವುದು. ಮೂರು ಗಂಟೆಯಲ್ಲಿ ಹನ್ನೊಂದು ಬೀದಿ ತಿಂಡಿ. ತಂಡದವರು ಪ್ರತಿಯೊಂದನ್ನೂ ಅರ್ಧ ಕಚ್ಚಿ, ಫೋಟೋ ಹೊಡೆದು, ಉಳಿದರ್ಧ ಹಿಡಿದು ಕಸದ ಬುಟ್ಟಿ ಹುಡುಕುತ್ತಾರೆ. ಬ್ಯಾಂಕಾಕಿನಲ್ಲಿ ಮೋಕ್ಷ ಸಿಕ್ಕೀತು, ಕಸದ ಬುಟ್ಟಿ ಸಿಗದು. ಆದರೂ ಗಲ್ಲಿಯ ತುದಿಯ ಕಚೇರಿ ಬೇರೆಡೆಗೆ ಹೋದ ಮೇಲೆ ಪ್ರಾನೊಮಳ ಮುಕ್ಕಾಲು ಪಾಲು ಹಿಟ್ಟು ಖಾಲಿಯಾಗುತ್ತಿದ್ದುದು ಈ ತಂಡಗಳಿಂದಲೇ.

ಒಂದು ದಿನ ಬೆಂಜ್ ಒಬ್ಬನೇ ಬಂದ.

"ಅಕ್ಕಾ, ಕಂಪನಿಯವರು ಹೊಸ ರೂಲ್ ಮಾಡಿದಾರೆ. ಪ್ರತಿ ತಿಂಡಿಗೂ ಒಂದು ಕತೆ ಇರಬೇಕಂತೆ. ನಿಮಗೆ ಇದನ್ನ ಹೇಳಿಕೊಟ್ಟಿದ್ದು ಯಾರು?"

"ಮೊಬೈಲು."

"ಹಾಗಂದ್ರೆ ನನ್ನ ಕೆಲಸ ಹೋಗುತ್ತೆ. ಅಜ್ಜಿಗಿಜ್ಜಿ ಇರಲಿಲ್ವಾ?"

"ಇದ್ಲು. ಇಸ್ಪೀಟಾಡ್ತಿದ್ಲು. ಒಲೆ ಹಚ್ಚಿದ್ದು ನಾನಂತೂ ಕಂಡಿಲ್ಲ."

"ಬದುಕಿರೋ ಅಜ್ಜಿ ಬೇಕು ಅಕ್ಕಾ. ಸುಮ್ನೆ ಕೂತ್ಕೊಂಡಿದ್ರೆ ಸಾಕು."

"ನಾನೇ ಕಲ್ತಿದ್ದು ಕಣೋ. ಏಳು ತಿಂಗಳು. ಅದು ಕತೆ ಅಲ್ವಾ?"

"ಅದು ಕಷ್ಟ, ಅಕ್ಕಾ. ಕಷ್ಟ ಅವರ ಊರಲ್ಲೂ ಇದೆ. ಇಲ್ಲಿಗೆ ಬರೋದು ಪರಂಪರೆಗೆ. ನೀವು ಒಲ್ಲೆ ಅಂದ್ರೆ ಎದುರು ಬದಿಯ ಗಾಡಿ ಒಪ್ಕೊಂಡಿದೆ. ಅಲ್ಲಿ ಮೂರು ತಲೆಮಾರು ರೆಡಿ ಇದೆ."

ಪ್ರಾನೊಮ್ ಎದುರು ಬದಿಯ ಗಾಡಿಯನ್ನೊಮ್ಮೆ, ತನ್ನ ಹಿಟ್ಟಿನ ಪಾತ್ರೆಯನ್ನೊಮ್ಮೆ ನೋಡಿದಳು. "ಕೂತ್ಕೊಳ್ಳಲಿ ಬಿಡು," ಎಂದಳು.

ಲಾಂಡ್ರಿಯ ಮಹಡಿಯ ಮೇಲಿನ ಥೊಂಗ್‌ಬಾಯ್ ಅಜ್ಜಿಗೆ ಎಂಬತ್ತೊಂದು. ಮೂವತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅಡುಗೆ ಎಂದರೆ ಅವರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಸಾರು. ಅದರ ರಬ್ಬರ್ ಬ್ಯಾಂಡ್ ಬಿಚ್ಚುವುದರಲ್ಲಿ ಮಾತ್ರ ಎತ್ತಿದ ಕೈ. ಬೆಂಜ್ ಅವರನ್ನು ದಿನಗೂಲಿಗೆ ಒಪ್ಪಿಸಿ, ಸೊಂಟಕ್ಕೆ ರೇಷ್ಮೆ ಸುತ್ತಿಸಿ, ಗಾಡಿಯ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದ. ಮೊದಲ ತಂಡ ಬಂದು ಗುಂಪಾಗಿ ನಿಂತದ್ದೇ ತಡ, ಅಜ್ಜಿಯ ಹಳೆಯ ಕಸುಬು ಎದ್ದು ಕೂತಿತು.

"ಏಯ್, ಒಳಗೆ ಸರೀರಿ! ಬಾಗಿಲಲ್ಲೇ ಅಂಟಿಕೊಂಡ್ರೆ ಹಿಂದಿನೋರು ಹತ್ತೋದು ಹೇಗೆ?"

ತಂಡ ಬೆಂಜ್‌ನ ಮುಖ ನೋಡಿತು. "ಹೃದಯದ ಬಾಗಿಲು ತೆರೆದು ಹತ್ತಿರ ಬನ್ನಿ ಅಂತಿದಾರೆ," ಎಂದು ಅವನು ಅವರ ಭಾಷೆಯಲ್ಲಿ ತಿಳಿಸಿದ. ಹದಿನಾಲ್ಕು ಜನ ಎದೆಯ ಮೇಲೆ ಕೈಯಿಟ್ಟುಕೊಂಡು ಹತ್ತಿರ ಬಂದರು.

ಎರಡು ವಾರದಲ್ಲಿ ಅಜ್ಜಿಯ ಫೋಟೋ ಗಾಡಿಯ ನೆತ್ತಿಗೇರಿತು. ಅದರ ಅಂಚಿನಲ್ಲಿ ಪ್ರಾನೊಮಳ ಮೊಣಕೈ ಇತ್ತು. ಅಜ್ಜಿ ನಿಧಾನವಾಗಿ ನಿರ್ದೇಶನಕ್ಕೂ ಇಳಿದರು. ತೆಗೆಯಬಾರದ ಹೊತ್ತಿನಲ್ಲಿ "ಮುಚ್ಚಳ ತೆಗಿ!" ಎನ್ನುವರು, ಪ್ರಾನೊಮ್ ತೆಗೆಯುತ್ತಿರಲಿಲ್ಲ, ಪ್ರವಾಸಿಗಳು ಹಿರಿಯರ ಮಾತು ಕೇಳದ ಈ ಶಿಷ್ಯೆಯನ್ನು ನೋಡಿ ಮರುಗುತ್ತಿದ್ದರು.

"ಸುಮ್ಮನಿರಬಾರದಾ ಅಜ್ಜಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಮೂವತ್ತೆರಡು ವರ್ಷ ಕೂಗಿದೀನಿ ಮಗಾ, ಒಬ್ಬನಾದ್ರೂ ಒಳಗೆ ಸರಿದಿದ್ನಾ? ಇವರು ಸರೀತಾರೆ," ಎಂದರು ಅಜ್ಜಿ. ಅವರ ಸುಖಕ್ಕೆ ಅಡ್ಡಬರುವ ಮನಸ್ಸು ನನಗೂ ಆಗಲಿಲ್ಲ.

ಮೂರನೆಯ ವಾರ ಹಸಿರು ಟೋಪಿಯ ಪ್ರವಾಸಿ ಹೆಂಗಸೊಬ್ಬಳು ಮುಂದೆ ಬಂದು, ಬಹಳ ವಿನಯದಿಂದ, ಪ್ರಾನೊಮಳ ಕೈಯಲ್ಲಿದ್ದ ಚಮಚ ಬಿಡಿಸಿಕೊಂಡು ಅಜ್ಜಿಯ ಕೈಗಿಟ್ಟಳು.

"ಏನಂತೆ?" ಎಂದಳು ಪ್ರಾನೊಮ್.

ಬೆಂಜ್ ನೆಲ ನೋಡಿದ. "ಫೋಟೋದಲ್ಲಿ... ನಿಜವಾಗಿ ಮಾಡೋರು ಇರಲಿ ಅಂತಿದಾರೆ, ಅಕ್ಕಾ."

ಪ್ರಾನೊಮ್ ಏಪ್ರನ್ ಬಿಚ್ಚಿ ಅಜ್ಜಿಗೆ ಕಟ್ಟಿದಳು. "ಮಾಡಿ ಅಜ್ಜಿ. ನಿಜವಾಗಿ ಮಾಡಿ," ಎಂದು ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ಒಂದು ಹಳೆಯ ನಿಘಂಟನ್ನು ತೊಡೆಯ ಮೇಲೆಳೆದುಕೊಂಡು ಹಾಳೆ ಮಗುಚತೊಡಗಿದಳು.

ಅಜ್ಜಿ ಹಿಂಜರಿಯಲಿಲ್ಲ. ಹಿಟ್ಟು ಸುರಿದರು, ಅರ್ಧ ಹಂಚಿನ ಹೊರಗೆ. ಮುಚ್ಚಳವನ್ನು ತಮಗೆ ಇಷ್ಟವಾದಾಗ ತೆಗೆದರು. ಎದ್ದುಬಂದವುಗಳಲ್ಲಿ ಕೆಲವು ಇದ್ದಿಲು, ಕೆಲವು ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು. ಹಸಿರು ಟೋಪಿ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ತೆರೆದಾಗ ಕಣ್ಣಲ್ಲಿ ನೀರಿತ್ತು. ಹೊಗೆಗೋ ಪರಂಪರೆಗೋ ಹೇಳುವುದು ಕಷ್ಟ. ಆ ದಿನದ ತಂಡದವರೆಲ್ಲ ತಿಂದರು, ಪೂರ್ತಿ ತಿಂದರು. ಅರ್ಧ ಕಚ್ಚಿ ಬಿಟ್ಟವರು ಒಬ್ಬರಿಲ್ಲ.

"ಏಳು ತಿಂಗಳು," ಎಂದಳು ಪ್ರಾನೊಮ್, ಯಾರಿಗೂ ಅಲ್ಲದಂತೆ. "ಏಳು ದಿನದಲ್ಲೇ ನಿಲ್ಲಿಸಬಹುದಿತ್ತು."

ಅಷ್ಟರಲ್ಲಿ ದಿನಾ ಬರುವ ಗಿರಾಕಿ, ಬೈಕ್ ಟ್ಯಾಕ್ಸಿಯ ದೇಚಾ ಬಂದ. ಅವನಿಗೆ ಪರಂಪರೆಯೂ ಗೊತ್ತಿಲ್ಲ, ಪುರುಸೊತ್ತೂ ಇಲ್ಲ. ಗಾಡಿಯಿಂದ ಒಂದು ಪೊಟ್ಟಣ ಎತ್ತಿಕೊಂಡು, ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಒಂದನ್ನು ಬಾಯಿಗೆಸೆದುಕೊಂಡ. ಅಗಿಯುವುದು ನಿಂತಿತು. ಚರಂಡಿಯ ಕಡೆ ತಿರುಗಿ ಉಗಿದ.

"ಯಾರ್ರೀ ಇದನ್ನ ಮಾಡಿದ್ದು? ಪ್ರಾನೊಮ್ ಅಕ್ಕ ಎಲ್ಲಿ? ಹುಷಾರಿಲ್ವಾ?" ಸ್ಟೂಲಿನ ಮೇಲಿದ್ದವಳನ್ನು ಕಂಡು ದನಿ ಏರಿಸಿದ. "ಅಕ್ಕಾ, ಇದು ನಿಮ್ಮ ಕೈಯದ್ದಲ್ಲ. ನನಗೇನು ನಾಲಿಗೆ ಇಲ್ಲ ಅಂದ್ಕೊಂಡ್ರಾ?"

ಪ್ರಾನೊಮ್ ಎದ್ದಳು. ಕೈ ತೊಳೆದು ಬಂದು ಅಜ್ಜಿಯಿಂದ ಚಮಚ ಇಸಿದುಕೊಂಡಳು. ಹಂಚು ಉಜ್ಜಿದಳು, ಎಣ್ಣೆ ಸವರಿದಳು.

"ಬೆಂಜ್, ಅಜ್ಜಿಗೆ ಬೇರೆ ಹಂಚು ಕೊಡಿಸು. ನಿನ್ನ ಜನಕ್ಕೆ ಅವರೇ ಸಾಕು. ಇದು ನನ್ನ ಗಾಡಿ."

"ಅಕ್ಕಾ, ನಾಳೆ ಹತ್ತೊಂಬತ್ತು ಜನ ಇದಾರೆ—"

"ಇರಲಿ. ಮೊದಲು ಪಕ್ಕಕ್ಕೆ ನಿಂತ್ಕೋ. ಗಿರಾಕಿ ಕಾಯ್ತಿದಾನೆ."

ಗಿರಾಕಿ ಗೊಣಗುತ್ತಲೇ ಕಾದ, ಗಡಿಯಾರ ನೋಡಿದ, ಒಂದು ಬಾಡಿಗೆ ಕಳೆದುಕೊಂಡ. ಕೊನೆಗೆ ಬಿಸಿಬಿಸಿಯದನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ ನುಂಗಿದ.

"ಉಪ್ಪು ಒಂಚೂರು ಜಾಸ್ತಿ ಆಯ್ತು."

"ಆಗಲಿ," ಎಂದಳು ಪ್ರಾನೊಮ್. "ನಾನೇ ಹಾಕಿದ್ದು."