ನೋವಿಲ್ಲ, ಕೆಂಪಿಲ್ಲ, ನೀರಿಲ್ಲ

ಕಣ್ಣಿನ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ದೊಡ್ಡ ಡಾಕ್ಟರು, ಇಟ್ಟದ್ದು ಹೊಗಳಿಕೆಗೆ. ಅಲ್ಲಿ ಆಪರೇಷನ್ ಮಾಡಿಸಿಕೊಂಡವರು ದಿನಕ್ಕೊಂದು ಸಲ ತಮ್ಮ ಕಣ್ಣಿನ ಸಮಾಚಾರವನ್ನು ಆಸ್ಪತ್ರೆಯ ಫೋನಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ಕಣ್ಣೇ ಸರಿಯಿಲ್ಲದವರು ಡೈರಿ ಬರೆಯುವುದಾದರೂ ಹೇಗೆ? ಅದನ್ನು ಕೇಳಿ ನೋವು, ಕೆಂಪು, ನೀರು, ಇತರೆ ಎಂಬ ನಾಲ್ಕು ಕಾಲಮ್ಮುಗಳಲ್ಲಿ ಟೈಪು ಮಾಡುವುದು ಅವಳ ಕೆಲಸ. ಜನ ಹೇಗೆಂದರೆ, ಕಣ್ಣಿನ ವಿಷಯ ಹೇಳಿ ಎಂದರೆ ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ. ಸೊಸೆಯ ಮುನಿಸು, ಮಹಡಿ ಮೇಲಿನವರ ಗದ್ದಲ, ತಮ್ಮ ಸೊಂಟನೋವು. ಹತ್ತು ನಿಮಿಷದ ಹರಟೆಯನ್ನು ಅವಳು ಮೂರು ಪದಕ್ಕೆ ಇಳಿಸುತ್ತಿದ್ದಳು. ಕತ್ತರಿ ಎಂದು ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿ. ಸ್ವಲ್ಪ ಜಂಬವೂ ಇತ್ತೆನ್ನಿ.

ಇಂಥವಳ ಪಾಲಿಗೆ ಬಂದವರು ಮೇಸ್ತ್ರಿ. ಐವತ್ತು ವರ್ಷ ಬಾಗಿಲು, ಕಿಟಕಿ ಮಾಡಿದ ಬಡಗಿ. ಹರೆಯದಲ್ಲೇ ಮರದ ಚಕ್ಕೆ ಸಿಡಿದು ಎಡಗಣ್ಣು ಹೋಗಿತ್ತು. ಉಳಿದಿದ್ದ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಮೆಸೇಜು ಕಳಿಸುವುದನ್ನು ಅವರಿಗೆ ಹೇಳಿಕೊಟ್ಟವಳು ಅವಳೇ. "ಒತ್ತಿ ಹಿಡ್ಕೊಳ್ಳಿ, ಮಾತಾಡಿ, ಆಮೇಲೆ ಬಿಡಿ." ಮೇಸ್ತ್ರಿ ಒತ್ತಿ ಹಿಡಿದದ್ದೇ ಹಿಡಿದದ್ದು, ಬಿಡುವ ಮಾತೇ ಇಲ್ಲ.

"ತಾಯೀ, ಊಟ ಆಯ್ತಾ?" ಎಂದು ಶುರು ಮಾಡುವರು. ಉತ್ತರ ಬರುತ್ತದೇನೋ ಎಂದು ಒಂದು ಗಳಿಗೆ ಸುಮ್ಮನಿರುವರು. "ಆಗಿರುತ್ತೆ ಬಿಡು" ಎಂದು ತಾವೇ ಸಮಾಧಾನ ಹೇಳಿಕೊಂಡು ಮುಂದುವರಿಯುವರು. ಅವಳು ಇದನ್ನು ಔಷಧಿ ಕೌಂಟರಿನವಳ ಮುಂದೆ ಅದೇ ಧಾಟಿಯಲ್ಲಿ ಅನುಕರಿಸಿ ತೋರಿಸುತ್ತಿದ್ದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಸ್ತ್ರಿಯ ಮೆಸೇಜನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವುದನ್ನೂ ಅವಳು ಕಲಿತಳು.

ಬಾಗಿಲಿನ ಪುರಾಣ ಶುರುವಾದದ್ದು ಹನ್ನೊಂದನೆಯ ದಿನ.

"ಕಣ್ಣು ಆರಾಮ, ತಾಯಿ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಆದ್ರೆ ಮಾನ ಹೋಗೋ ಕೆಲ್ಸ ಆಗಿದೆ. ನಮ್ಮನೆ ಬಾಗ್ಲು, ನಾನೇ ಮಾಡಿದ್ದು, ಮೂವತ್ತು ವರ್ಷ ಆಯ್ತು. ಇವತ್ತು ನೋಡ್ತೀನಿ, ಚೌಕಟ್ಟು ನಡುವಲ್ಲಿ ಹೊಟ್ಟೆ ಬಿಟ್ಕೊಂಡಿದೆ! ಯಾರಿಗೂ ಹೇಳ್ಬೇಡ."

ಅವಳು ಯಾರಿಗೂ ಹೇಳಲಿಲ್ಲ. ಇತರೆ ಎಂಬ ಕಡೆ 'ಇಲ್ಲ' ಎಂದು ಟೈಪು ಮಾಡಿದಳು.

ಮರುದಿನ ಮೇಸ್ತ್ರಿ ಚೌಕಟ್ಟಿಗೆ ರಸಮಟ್ಟ ಹಿಡಿದು ನೋಡಿದ್ದರು. "ಗುಳ್ಳೆ ನಟ್ಟನಡುವೆ ನಿಲ್ಲುತ್ತೆ ತಾಯಿ, ಎಲ್ಲಾ ನೆಟ್ಟಗಿದೆ ಅನ್ನುತ್ತೆ. ಐವತ್ತು ವರ್ಷ ನಂಬಿದ ಕಣ್ಣು ಸುಳ್ಳು ಹೇಳುತ್ತಾ? ರಸಮಟ್ಟನೇ ಕೆಟ್ಟಿದೆ." ಹೊಸದು ತರಿಸಿದರು. ಅದೂ ಅದೇ ಸುಳ್ಳು ಹೇಳಿತು. ನಾಲ್ಕು ದಿನ ತಡೆದುಕೊಂಡು, ಐದನೆಯ ದಿನ ಬಾಗಿಲನ್ನೇ ಇಳಿಸಿ, ಸೊಟ್ಟ ಕಂಡಲ್ಲೆಲ್ಲ ಉಜ್ಜುಗೊರಡು ಹಾಕಿ ಹೆರೆದರು. "ಈಗ ಮುಚ್ಚಿದ್ರೆ ಸಂದೀಲಿ ಬೆರಳು ತೂರುತ್ತೆ. ಮಗಳು ಬಾಯಿಗೆ ಬಂದ ಹಾಗೆ ಬೈದ್ಲು." ಆಮೇಲೆ ಕಿಟಕಿ ಸೊಟ್ಟಗಾಯಿತು. ಆಮೇಲೆ ಎದುರು ಮನೆಯ ಗೋಡೆ. "ಅದು ನನ್ನ ಕೆಲ್ಸ ಅಲ್ಲ, ಸದ್ಯ!" ಎಂದು ಮೇಸ್ತ್ರಿ ನಕ್ಕಿದ್ದರು.

ಅವಳೂ ನಕ್ಕಳು, ತಡೆಯಲಾರದೆ ಔಷಧಿ ಕೌಂಟರಿನವಳಿಗೂ ಹೇಳಿ ನಗಿಸಿದಳು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ, ಇತರೆ ಇಲ್ಲ. ಹೀಗೆ ಹದಿನೆಂಟು ದಿನ. ಫೋನು ತುಂಬಿಹೋಗುತ್ತದೆಂದು ಸಂಜೆ ಮನೆಗೆ ಹೊರಡುವ ಮುಂಚೆ ಆ ದಿನದ ಮೆಸೇಜುಗಳನ್ನೆಲ್ಲ ಅಳಿಸಿಬಿಡುತ್ತಿದ್ದಳು.

ತಿಂಗಳ ತಪಾಸಣೆಗೆ ಮೇಸ್ತ್ರಿ ಮಗಳ ಕೈ ಹಿಡಿದುಕೊಂಡು ಬಂದರು. ಕತ್ತರಿ ಅವರ ಫೈಲು ತೆಗೆದುಕೊಂಡು ಒಳಗೆ ಹೋದಾಗ ಮಗಳು ದೊಡ್ಡ ಡಾಕ್ಟರ ಹತ್ತಿರ ತಗ್ಗಿದ ದನಿಯಲ್ಲಿ ದೂರುತ್ತಿದ್ದಳು. "ಅಪ್ಪನ ತಲೆ ಯಾಕೋ ಸರಿಯಿಲ್ಲ ಸಾರ್. ಒಳ್ಳೆ ಬಾಗ್ಲನ್ನ ಕೆತ್ತಿ ಹಾಳು ಮಾಡಿದ್ರು. ಎಲ್ಲಾ ಸೊಟ್ಟ ಅಂತಾರೆ. ಉಳಿ, ಗರಗಸ ಎಲ್ಲಾ ಎತ್ತಿ ಬಚ್ಚಿಟ್ಟಿದ್ದೀನಿ."

ಡಾಕ್ಟರು ತಟ್ಟನೆ ತಲೆಯೆತ್ತಿದರು. ಚೌಕುಳಿ ಗೆರೆಗಳ ಕಾಗದವೊಂದನ್ನು ಮೇಸ್ತ್ರಿಯ ಮುಂದೆ ಹಿಡಿದು, "ಗೆರೆ ಹೇಗೆ ಕಾಣುತ್ತೆ?" ಎಂದರು.

"ಯಾರು ಎಳೆದಿದ್ದು ಇದನ್ನ?" ಎಂದರು ಮೇಸ್ತ್ರಿ. "ನಡುವೆ ಎಲ್ಲಾ ಸೊಟ್ಟ. ಒಂದು ಕಡೆ ಅಳಿಸೇ ಹೋಗಿದೆ."

ಕತ್ತರಿ ಬಗ್ಗಿ ಆ ಕಾಗದ ನೋಡಿದಳು. ಗೆರೆಗಳು ನೆಟ್ಟಗಿದ್ದವು. ಬಾಗಿಲೂ ನೆಟ್ಟಗಿತ್ತು.

ಡಾಕ್ಟರು ಯಂತ್ರದಲ್ಲಿ ಕಣ್ಣು ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ತುಂಬಿದೆ ಎಂದರು. ಆಪರೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ, ವಯಸ್ಸಿಗೆ ಬರುವ ಕಾಯಿಲೆ, ಸೊಟ್ಟ ಕಾಣತೊಡಗಿದ ಮೊದಲ ವಾರವೇ ಬಂದಿದ್ದರೆ ಬಹುಪಾಲು ಉಳಿಸಬಹುದಿತ್ತು. ಇವತ್ತಿನಿಂದ ಇಂಜೆಕ್ಷನ್ ಕೊಟ್ಟರೆ ಇರುವುದು ಉಳಿದೀತು, ಹೋದದ್ದು ಬರುವುದು ಕಷ್ಟ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ಹೇಳ್ದೆನಲ್ಲ," ಎಂದರು ಮೇಸ್ತ್ರಿ. "ದಿನಾ ಹೇಳ್ದೆ. ಫೋನಲ್ಲಿ."

ಡಾಕ್ಟರು ಫೈಲಿನ ಹಾಳೆ ತಿರುವಿದರು. ಒಂದು, ಎರಡು, ಮೂರು. ಎಲ್ಲೂ ಏನೂ ಇಲ್ಲ. "ಇವರು ಏನಾದ್ರೂ ಹೇಳಿದ್ರೇನಮ್ಮಾ?" ಎಂದು ಅವಳ ಕಡೆ ನೋಡಿದರು.

"ಅದರಲ್ಲಿ ಇರೋದಷ್ಟೇ ಸಾರ್."

ಮಾತು ಬಾಯಿಂದ ಜಾರಿ ಹೋಯಿತು ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು. ಜಾರಿದ್ದಲ್ಲ, ಅವಳೇ ಆಡಿದ್ದು.

"ಅಪ್ಪಾ, ಹೇಳಿದ್ದೆ ಅಂತ ನಿಮಗೆ ಅನ್ನಿಸಿರುತ್ತೆ," ಎಂದಳು ಮಗಳು. ಮೇಸ್ತ್ರಿ ಕತ್ತರಿಯ ದನಿ ಬಂದ ಕಡೆ ಒಮ್ಮೆ, ಡಾಕ್ಟರ ಕಡೆ ಒಮ್ಮೆ ಮುಖ ತಿರುಗಿಸಿದರು. ಆಮೇಲೆ ತಲೆ ತಗ್ಗಿಸಿ, "ಇರ್ಬಹುದು. ಮರ್ತಿರ್ಬಹುದು," ಎಂದರು. ಡಾಕ್ಟರು ಇಂಜೆಕ್ಷನ್ನಿನ ಜೊತೆಗೆ ನೆನಪಿನ ತಪಾಸಣೆಗೂ ಒಂದು ಚೀಟಿ ಬರೆದರು.

ಅವಳು ತನ್ನ ಮೇಜಿಗೆ ಬಂದು ಕೂತಳು. ಕೆಲಸಕ್ಕೆ ಬಾರದ ಮಾತು ಬೇಡ ಎಂದವರು ಡಾಕ್ಟರೇ ತಾನೆ? ಬಾಗಿಲಿನ ಮಾತು ಕಣ್ಣಿನ ಮಾತೆಂದು ಟೈಪು ಮಾಡುವವಳಿಗೆ ಹೇಗೆ ಗೊತ್ತಾಗಬೇಕು? ಮೆಸೇಜುಗಳೂ ಈಗ ಇಲ್ಲ. ಯಾರು ಕೇಳಿದರೂ ಸಾಕ್ಷಿಯಿಲ್ಲ. ಹೀಗೆಲ್ಲ ಲೆಕ್ಕ ಹಾಕಿದಷ್ಟೂ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಗೊತ್ತಾಗದೆ ಬಿಟ್ಟದ್ದು ತಪ್ಪು, ಸರಿ. ಆದರೆ ಈಗ ತಾನೆ ಗೊತ್ತಿದ್ದೂ ಒಬ್ಬ ಮುದುಕನನ್ನು ಅವನ ಮಗಳ ಮುಂದೆಯೇ ಅರಳುಮರಳು ಎನ್ನಿಸಿ ಬಂದಿದ್ದಳಲ್ಲ, ಅದಕ್ಕೇನು ಹೆಸರು? ಔಷಧಿ ಕೌಂಟರಿನವಳು ಅಲ್ಲಿಂದಲೇ, "ಏನೇ, ನಿನ್ನ ಬಾಗಿಲು ತಾತ ಬಂದಿದ್ರಂತೆ?" ಎಂದು ನಕ್ಕಳು. ಅವಳಿಗೆ ಅಲ್ಲಿ ಕೂರಲಾಗಲಿಲ್ಲ.

ಮೇಸ್ತ್ರಿ ಇಂಜೆಕ್ಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಗಳು ಹಣ ಕಟ್ಟಲು ಸಾಲಿನಲ್ಲಿ ನಿಂತಿದ್ದಳು. ಕತ್ತರಿಯ ಹೆಜ್ಜೆ ಸಪ್ಪಳಕ್ಕೆ ಅವರು ಮುಖ ಎತ್ತಿದರು.

"ತಾಯಿ, ನೀನೇನಾ? ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಕಣ್ಣು ಹೋದ್ರೆ ಹೋಗ್ಲಿ, ಒಂದ್ರಲ್ಲೇ ಐವತ್ತು ವರ್ಷ ಬಾಳಿದೀನಿ. ತಲೆ ಹೋದ್ರೆ ಹೇಗಮ್ಮಾ? ನಾನು ದಿನಾ ಹೇಳ್ದೆ ಅಂತ ನಂಗೆ ಚೆನ್ನಾಗಿ ನೆನಪಿದೆ. ಹೇಳ್ಲೇ ಇಲ್ಲ ಅಂತಾರೆ ಎಲ್ರೂ."

ಅವಳು ಬೆಂಚಿನ ಮೇಲೆ ಕೂರಲಿಲ್ಲ. ಕೂರುವ ಯೋಗ್ಯತೆ ತನಗಿಲ್ಲ ಎನ್ನಿಸಿತು.

"ಹೇಳಿದ್ರಿ," ಎಂದಳು. "ಹದಿನೆಂಟು ದಿನಾನೂ ಹೇಳಿದ್ರಿ. ನಾನು ಕೇಳಿಸ್ಕೊಂಡೆ. ಬರೀಲಿಲ್ಲ. ಈಗ ಒಳಗೆ ಸುಳ್ಳು ಹೇಳ್ದೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಕಪಾಳಕ್ಕೆ ಬಿದ್ದರೂ ತಗೊಳ್ಳುತ್ತಿದ್ದಳು. ಮೇಸ್ತ್ರಿ ಉಸಿರು ಬಿಟ್ಟು ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡರು.

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ?"

"ನೆಟ್ಟಗಿದೆ, ಮೇಸ್ತ್ರಿ."

"ಅಬ್ಬಾ! ಬದುಕಿದೆ ತಾಯಿ. ನಿನಗೆ ಒಳ್ಳೇದಾಗ್ಲಿ." ಮುದುಕರ ಕಣ್ಣಲ್ಲಿ ನೀರು ಬಂತು. ಸಾಲಿನ ಕಡೆ ತಿರುಗಿ ಜೋರಾಗಿ ಮಗಳನ್ನು ಕರೆದರು. "ಬಾ ಇಲ್ಲಿ! ಇನ್ನೊಂದ್ಸಲ ಹೇಳು ತಾಯಿ, ಇವಳಿಗೂ ಕೇಳಿಸ್ಲಿ."

ಅವಳು ಇನ್ನೊಂದು ಸಲ ಹೇಳಿದಳು. ಮೊದಲ ಸಲಕ್ಕಿಂತ ಅದು ಕಷ್ಟವಾಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗಳು ಅಪ್ಪನ ಮುಖ ನೋಡಿದಳು, ತನ್ನ ಕೈಯಲ್ಲಿದ್ದ ಚೀಟಿ ನೋಡಿಕೊಂಡಳು. "ಡಾಕ್ಟರಿಗೂ ಹೇಳಿ. ಬನ್ನಿ," ಎಂದಷ್ಟೇ ಹೇಳಿದಳು.

ಡಾಕ್ಟರು ಎಲ್ಲವನ್ನೂ ಕೇಳಿದರು. ಅವರು ಕೂಗಾಡಲಿಲ್ಲ. ನೆನಪಿನ ತಪಾಸಣೆಯ ಚೀಟಿಯನ್ನು ಮಗಳಿಂದ ಇಸಿದುಕೊಂಡು ಹರಿದು ಹಾಕಿದರು. ಫೈಲಿನಿಂದ ಖಾಲಿ ಹಾಳೆ ತೆಗೆದು, ಪೆನ್ನು ಹಿಡಿದು, "ಹನ್ನೊಂದನೇ ದಿನದಿಂದ ಹೇಳಿ. ಅವರು ಹೇಳಿದ ಹಾಗೇ ಹೇಳಿ," ಎಂದರು.

ನೆನಪಿಲ್ಲ ಎನ್ನಲು ಅವಳಿಗೆ ದಾರಿಯಿರಲಿಲ್ಲ. ಎಲ್ಲ ನೆನಪಿತ್ತು, ನಗಲೆಂದು ನೆನಪಿಟ್ಟುಕೊಂಡಿದ್ದು. ಚೌಕಟ್ಟು ಹೊಟ್ಟೆ ಬಿಟ್ಟದ್ದು, ಎರಡನೆಯ ರಸಮಟ್ಟ, ಉಜ್ಜುಗೊರಡು, ಬೆರಳು ತೂರುವ ಸಂದು, ಕಿಟಕಿ, ಎದುರು ಮನೆಯ ಗೋಡೆ, ಯಾವ ದಿನ ಯಾವುದು ಎಂಬುದರ ಸಮೇತ ಅವಳು ಒಂದೊಂದಾಗಿ ಹೇಳುತ್ತ ಹೋದಳು. ಡಾಕ್ಟರು ಬರೆಯುತ್ತ ಹೋದರು.

ಮೇಸ್ತ್ರಿ ಕುರ್ಚಿಯ ತುದಿಗೆ ಸರಿದು ಕೂತು, ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ನಡುವೆ ಮಗಳ ತೋಳು ತಟ್ಟಿ ಹೆಮ್ಮೆಯಿಂದ, "ನೋಡು, ಎಷ್ಟು ಚೆನ್ನಾಗಿ ಕೇಳಿಸ್ಕೊಂಡಿದಾಳೆ ಈ ಹುಡುಗಿ. ಒಂದು ಮಾತೂ ಬಿಟ್ಟಿಲ್ಲ," ಎಂದರು.