ಕ್ವೋತ್ ಅಂದರೆ ಅಂದನು

ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ಶಾಮಲಾಬಾಯಿ ನಿವೃತ್ತರಾದದ್ದು 1983ರಲ್ಲಿ. ಮದುವೆಯಾಗಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ಆಡಲು ಯಾರೂ ಉಳಿದಿರಲಿಲ್ಲ. ಹಾಲಿನವನ ಜೊತೆ ತೆಲುಗು, ರಿಕ್ಷಾದವನ ಜೊತೆ ಹಿಂದಿ, ಅಲ್ಲಿಗೆ ದಿನದ ಮಾತು ಮುಗಿಯುತ್ತಿತ್ತು.

ಹೊತ್ತು ಹೋಗದೆ ಲೈಬ್ರರಿಗೆ ಹೋಗತೊಡಗಿದರು. ಒಂದು ದಿನ ದೊಡ್ಡ ನಿಘಂಟು ತಿರುವುವಾಗ 'ಕ್ವೋತ್' ಕಣ್ಣಿಗೆ ಬಿತ್ತು. ಹಳೆಯ ಇಂಗ್ಲಿಷ್ ಪದ್ಯಗಳಲ್ಲಿ 'ಅಂದನು' ಎಂಬುದಕ್ಕೆ ಬರುವ ಪದ. ಹಿಂದಿನ ವರ್ಷ ಶಿವದೇವಿ ಎಂಬ ಕನ್ನಡ ಮನೆಯ ವಿದ್ಯಾರ್ಥಿನಿ ಅದರ ಮೂಲ ಕೇಳಿದಾಗ, "'ಕ್ವೋಟ್' ಅನ್ನೋದರ ಹಳೇ ರೂಪ" ಎಂದು ಥಟ್ಟನೆ ಹೇಳಿದ್ದರು. ನಿಘಂಟು ಬೇರೆಯೇ ಹೇಳುತ್ತಿತ್ತು. ಇನ್ನೊಬ್ಬರ ಮಾತು ಉದ್ಧರಿಸುವುದಕ್ಕೆ ಹೇಳುವ 'ಕ್ವೋಟ್' ಲ್ಯಾಟಿನ್ನಿನಿಂದ ಬಂದದ್ದು. 'ಕ್ವೋತ್' ಇಂಗ್ಲಿಷಿನದೇ ಹಳೆಯ ಕ್ರಿಯಾಪದವೊಂದರ ಭೂತಕಾಲ. ಆ ಕ್ರಿಯಾಪದ ಸತ್ತು ಎಷ್ಟೋ ಕಾಲವಾಗಿತ್ತು. ಅದರ ಬಳಗದಲ್ಲಿ ಇನ್ನೂ ಬಳಕೆಯಲ್ಲಿದ್ದದ್ದು, ಆಸ್ತಿಯನ್ನು ಉಯಿಲಿನಲ್ಲಿ ಬರೆದುಕೊಡುವುದಕ್ಕೆ ಹೇಳುವ 'ಬಿಕ್ವೀದ್'.

ಅವತ್ತು ಶಾಮಲಾಬಾಯಿಗೆ ಊಟ ಸೇರಲಿಲ್ಲ. ಮರುದಿನ ಶಿವದೇವಿಯ ವಿಳಾಸ ಹುಡುಕಿಕೊಂಡು ಮೆಹದಿಪಟ್ಟಣಂ ಬಸ್ಸು ಹತ್ತಿದರು.

ಬಾಗಿಲು ತೆರೆದ ಶಿವದೇವಿ ಗಾಬರಿಯಾದಳು. "ಏನ್ರಿ ಮೇಡಂ, ಇಷ್ಟು ದೂರ?"

"ಕ್ವೋತ್ ಬಗ್ಗೆ ನಾ ತಪ್ಪು ಹೇಳಿದ್ದೆ. ತಿದ್ದಾಕ ಬಂದೀನಿ."

ಹುಡುಗಿ ಸೆರಗಿನ ತುದಿ ತಿರುವಿದಳು. "ಗೊತ್ತಿತ್ರಿ. ಅವತ್ತೇ ನೋಡಿದ್ದೆ. ಕ್ಲಾಸಿನ್ಯಾಗ ಎಲ್ಲಾರಿಗೂ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನಿಮ್ಮ ಮುಂದ ಹೆಂಗ ಹೇಳೋದ್ರಿ? ಭಾಳ ಅಂಜತಿದ್ವಿ."

ಶಾಮಲಾಬಾಯಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ತಮ್ಮ ತರಗತಿಯ ಆ ಮೌನವನ್ನು ಅವರು ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದರು.

"ಇನ್ನೂ ತಪ್ಪು ಇದ್ದುವೇನು?"

ಶಿವದೇವಿ ಚಹಾ ತಂದಿಟ್ಟಳು. "ಚಹಾ ಕುಡೀರಿ ಮೇಡಂ."

"ಆದಿತ್ಯವಾರ ಮನಿಗೆ ಬಾ. ಒಂದೊಂದಾಗಿ ಹೇಳು."

ಹೂಂ ಎಂದಳು.

ಆದಿತ್ಯವಾರ ಶಾಮಲಾಬಾಯಿ ಅವಲಕ್ಕಿ ಚೂಡಾ ಮಾಡಿಟ್ಟು, ದೀಪ ಹಚ್ಚುವ ಹೊತ್ತಿನ ತನಕ ಕಾದರು. ಯಾರೂ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಡಬ್ಬಿಯೊಳಗೆ ಚೂಡಾ ಮೆತ್ತಗಾಯಿತು.

ಮೂರನೆಯ ವಾರ ಒಂದು ಕಾರ್ಡು ಬಂತು. 'ಎದುರು ಕೂತು ಹೇಳಾಕ ಧೈರ್ಯ ಬರಲಿಲ್ಲರಿ, ಕ್ಷಮಿಸಿರಿ.' ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ, ಮೇಡಂ ಕಲಿಸಿದ್ದ ನಾಲ್ಕು ತಪ್ಪುಗಳು.

ಬಾಗಿಲಲ್ಲೇ ನಿಂತು ಎರಡು ಸಲ ಓದಿದರು. ಮಧ್ಯಾಹ್ನವೆಲ್ಲ ಪುಸ್ತಕ ಹರಡಿಕೊಂಡು ಕೂತು, ಕೊನೆಗೆ ಉತ್ತರ ಬರೆದರು: 'ಮೊದಲಿನ ಮೂರು ನನ್ನವೇ. ನಾಲ್ಕನೇದರಾಗ ತಪ್ಪು ನಿಂದು. ಒಪ್ಪದಿದ್ರ ಬರಿ.'

ಅಂಚೆ ಡಬ್ಬಿಯ ಮುಂದೆ ನಿಂತು ಯೋಚಿಸಿ, ಪೆನ್ನು ತೆಗೆದು, ಕಾರ್ಡಿನ ಮೂಲೆಯಲ್ಲಿ ಸಣ್ಣದಾಗಿ ಸೇರಿಸಿದರು: 'ಒಪ್ಪಿದ್ರೂ ಬರಿ.'